ಹೌರಾದ ಮಂಗಳವಾರದ ಬಟ್ಟೆ ಸಂತೆ

ಕೋಲ್ಕತ್ತಾದ ಎದುರು ದಡದ ಊರು ಹೌರಾ. ಅಲ್ಲಿ ಹೌರಾ ಮೈದಾನದ ಆಸುಪಾಸಿನಲ್ಲಿ ಮನೆ ಮಾಡಿದವರಿಗೆ ಮಂಗಳವಾರ ಬೆಳಿಗ್ಗೆ ಆಟೊ ಸಿಗುವುದು ಕಷ್ಟ. ಸಿಕ್ಕರೂ ಮುಂದಕ್ಕೆ ಹೋಗುವುದಿಲ್ಲ. ಕೋರ್ಟಿನ ಗೋಡೆಗೆ ಒರಗಿ, ಜಿಲ್ಲಾ ಆಸ್ಪತ್ರೆಯ ಹಾದಿಯಲ್ಲಿ, ಬಂಕಿಮ್ ಸೇತುವೆಯ ಮಗ್ಗುಲಲ್ಲಿ, ಒಂದು ತಾಡಪಾಲು ಹಾಸುವಷ್ಟು ಜಾಗ ಇದ್ದಲ್ಲೆಲ್ಲ ಬಟ್ಟೆ. ಇದೇ ಮಂಗ್ಲಾ ಹಾಟ್, ಅಂದರೆ ಮಂಗಳವಾರದ ಸಂತೆ. ಈಗ ಸೋಮವಾರವೇ ಶುರುವಾಗಿಬಿಡುತ್ತದೆ, ಹೆಸರು ಮಾತ್ರ ಹಳೆಯದೇ.

ನಮ್ಮ ದಾವಣಗೆರೆ ಕಡೆ ಸಂತೆ ಅಂದರೆ ತರಕಾರಿ, ಮೆಣಸಿನಕಾಯಿ, ಮಂಡಕ್ಕಿ. ಮೂಲೆಯಲ್ಲಿ ಬಟ್ಟೆಯವರು ಒಬ್ಬರೋ ಇಬ್ಬರೋ. ಇಲ್ಲಿ ಬರೀ ಬಟ್ಟೆ. ನೈಟಿ, ಫ್ರಾಕು, ಲುಂಗಿ, ಬನಿಯನ್ನು, ಲಂಗ, ಶಾಲೆ ಯೂನಿಫಾರಂ, ಚಳಿಗಾಲ ಬಂದರೆ ಸ್ವೆಟರು. ಕನ್ನಡಿ ಇಲ್ಲ, ಹಾಕಿ ನೋಡುವ ಕೋಣೆ ಇಲ್ಲ, ವಾಪಸ್ ಕೊಡುವ ಮಾತಂತೂ ಇಲ್ಲವೇ ಇಲ್ಲ. ವ್ಯಾಪಾರವೆಲ್ಲ ಡಜನ್ ಲೆಕ್ಕದಲ್ಲಿ. ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಯ ಸಣ್ಣ ಅಂಗಡಿಯವರು ರಾತ್ರಿ ರೈಲಿನಲ್ಲಿ ಬಂದು ಹೌರಾ ಸ್ಟೇಷನ್ನಿನಲ್ಲಿ ಇಳಿದು, ಮುಖ ತೊಳೆದು, ಸೀದಾ ಇಲ್ಲಿಗೆ ಬರುತ್ತಾರೆ. ಸಂಜೆ ಮೂಟೆ ಕಟ್ಟಿಸಿಕೊಂಡು ಅದೇ ದಾರಿಯಲ್ಲಿ ವಾಪಸ್.

ಅವರು ಮಾಲು ನೋಡುವುದನ್ನು ನೋಡುತ್ತಾ ನಿಲ್ಲುವುದು ನನಗೆ ಇಷ್ಟ. ಮೊದಲು ಫ್ರಾಕನ್ನು ಒಳಮೈ ಹೊರಗೆ ಮಾಡುತ್ತಾರೆ. ಹೆಬ್ಬೆರಳುಗಳಿಂದ ಹೊಲಿಗೆಯನ್ನು ಎರಡೂ ಕಡೆ ಎಳೆಯುತ್ತಾರೆ. ಜಿಪ್ಪನ್ನು ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಮುಂದೆ ಹಾಕಿದ ಮಿಂಚಿನ ಹೂವು, ಲೇಸು ಯಾವುದನ್ನೂ ಕಣ್ಣೆತ್ತಿ ನೋಡುವುದಿಲ್ಲ. ಆಮೇಲೆ ಮಾರುವವನು ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆ ಒತ್ತಿ ತೋರಿಸುತ್ತಾನೆ. ಕೊಳ್ಳುವವನು ಅದನ್ನು ಅಳಿಸಿ ತನ್ನ ಸಂಖ್ಯೆ ಒತ್ತುತ್ತಾನೆ. ಬಾಯಲ್ಲಿ ರೇಟು ಹೇಳಿದರೆ ಪಕ್ಕದ ತಾಡಪಾಲಿನವನಿಗೆ ಕೇಳಿಸುತ್ತದೆ, ಅಲ್ವಾ? ನಾಲ್ಕೈದು ಸಲ ಕ್ಯಾಲ್ಕುಲೇಟರು ಕೈ ಬದಲಾಯಿಸಿದ ಮೇಲೆ ಒಬ್ಬ ತಲೆ ಆಡಿಸುತ್ತಾನೆ. ಪರಿಚಯದವರಾದರೆ ಅರ್ಧ ದುಡ್ಡು ಈಗ, ಉಳಿದದ್ದು ಮುಂದಿನ ಸಂತೆಗೆ. ಉದ್ರಿ ಬಾಕಿ ಉಳಿದದ್ದನ್ನು ಬೈಶಾಖದ ಮೊದಲ ದಿನ, ಅಂದರೆ ಏಪ್ರಿಲ್ ಮಧ್ಯದ ಬಂಗಾಳಿ ಹೊಸವರ್ಷಕ್ಕೆ ತೀರಿಸುವ ಪದ್ಧತಿ ಇದೆ. ಅವತ್ತು ಅಂಗಡಿಯವರು ಹೊಸ ಲೆಕ್ಕದ ಪುಸ್ತಕ ತೆರೆದು, ಬಂದವರಿಗೆ ಸಿಹಿ ಪೊಟ್ಟಣ, ಕ್ಯಾಲೆಂಡರು ಕೊಡುತ್ತಾರೆ.

ನನ್ನಂಥ ಮನೆಬಳಕೆಯವರು ಹೋಗಿ "ದಾದಾ, ಒಂದೇ ಪೀಸ್ ಕೊಡಿ" ಅಂದರೆ "ಖುಚ್ರೊ ಹೊಬೆ ನಾ, ದಿದಿ" ಅನ್ನುತ್ತಾರೆ. ಬಿಡಿ ಮಾರಾಟ ಇಲ್ಲ. ಅದಕ್ಕೆ ನಮ್ಮ ಕೆಳಗಿನ ಮನೆಯ ಬೌದಿ (ಅಂದರೆ ಅತ್ತಿಗೆ, ಇಲ್ಲಿ ಪಕ್ಕದ ಮನೆಯವರನ್ನೂ ಹಾಗೇ ಕರೆಯುವುದು) ಕಂಡುಕೊಂಡ ಉಪಾಯ: ಓಣಿಯ ನಾಲ್ಕು ಹೆಂಗಸರು ಸೇರಿ ಒಂದು ಡಜನ್ ನೈಟಿ ತರುವುದು, ತಲಾ ಮೂರು ಹಂಚಿಕೊಳ್ಳುವುದು. ದುಡ್ಡು ಹಂಚುವುದು ಸುಲಭ. ಬಣ್ಣ ಹಂಚುವಾಗ ಜಗಳ.

ಇಷ್ಟೊಂದು ಬಟ್ಟೆ ಬರುವುದು ಎಲ್ಲಿಂದ? ಜಾಸ್ತಿ ಪಾಲು ಹೂಗ್ಲಿ ನದಿಯ ಆಚೆ ದಡದ ಮಟಿಯಾಬುರುಜ್, ಮಹೇಶ್‌ತಲಾ ಕಡೆಯಿಂದ. 1856ರಲ್ಲಿ ಅವಧ್ ರಾಜ್ಯ ಕಳೆದುಕೊಂಡ ನವಾಬ್ ವಾಜಿದ್ ಅಲಿ ಶಾ ಬಂದು ನೆಲೆಸಿದ್ದು ಮಟಿಯಾಬುರುಜ್‌ನಲ್ಲಿ. ಅವನ ಹಿಂದೆ ಬಂದ ದರ್ಜಿಗಳಿಂದ ಇಲ್ಲಿ ಹೊಲಿಗೆ ಬೇರೂರಿತು ಎಂದು ಜನ ಹೇಳುತ್ತಾರೆ. (ಕೋಲ್ಕತ್ತಾ ಬಿರಿಯಾನಿಗೆ ಆಲೂಗಡ್ಡೆ ಬಿದ್ದದ್ದಕ್ಕೂ ಅವನನ್ನೇ ತೋರಿಸುತ್ತಾರೆ. ಇರಲಿ.) ಇಲ್ಲಿ ಹೊಲಿಸುವ ಯಜಮಾನನಿಗೆ ಓಸ್ತಾಗರ್ ಎಂದು ಹೆಸರು. ಅವನು ಥಾನು ಕೊಂಡು ತರುತ್ತಾನೆ, ಮನೆಯಲ್ಲೇ ಕಟಿಂಗ್ ಮಾಡಿಸುತ್ತಾನೆ. ಹೊಲಿಗೆಗೆ ಗಂಟುಗಳು ಹಳ್ಳಿಗಳಿಗೆ ಹೋಗುತ್ತವೆ. ಗುಂಡಿ ಹಾಕುವುದು, ದಾರ ಕತ್ತರಿಸುವುದು ಹೆಂಗಸರ ಕೆಲಸ. ಶನಿವಾರ, ಭಾನುವಾರ ಮಟಿಯಾಬುರುಜ್‌ನಲ್ಲೇ ಸಂತೆ. ಆಮೇಲೆ ಮಟಾಡೋರ್ ಗಾಡಿಗಳಲ್ಲಿ ಮಾಲು ನದಿ ದಾಟಿ ಹೌರಾಕ್ಕೆ ಬರುತ್ತದೆ.

ಸಂತೆಗೆ ಮೂರು ಮೊಳ ನೇಯ್ದ ಹಾಗೆ ಅಂತ ನಾವು ಅವಸರದ ಕೆಲಸವನ್ನು ಆಡಿಕೊಳ್ಳುತ್ತೇವೆ. ಇಲ್ಲಿ ಮನೆಮನೆಯ ವಾರವೇ ಸಂತೆಯ ಲೆಕ್ಕದಲ್ಲಿ ತಿರುಗುತ್ತದೆ. ಶುಕ್ರವಾರ ರಾತ್ರಿ ಮಷೀನು ನಿಲ್ಲುವುದಿಲ್ಲ, ಯಾಕೆಂದರೆ ಭಾನುವಾರಕ್ಕೆ ಬಾರದ ಫ್ರಾಕು ಇನ್ನೊಂದು ವಾರ ಕೂತಿರುತ್ತದೆ. ಬಟ್ಟೆ ಅಗ್ಗ ಆಗಿರುವುದಕ್ಕೆ ಅಂಗಡಿ ಬಾಡಿಗೆ, ಜಾಹೀರಾತು ಇಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ಪೀಸ್ ಲೆಕ್ಕದ ಕೂಲಿ. ಆ ಕೂಲಿ ಕಮ್ಮಿಯೇ. ನೂರಿಪ್ಪತ್ತಕ್ಕೆ ಒಳ್ಳೆ ನೈಟಿ ಸಿಕ್ಕಿತು ಅಂತ ಖುಷಿಪಡುವಾಗ ಗುಂಡಿ ಹಚ್ಚಿದವಳಿಗೆ ಅದರಲ್ಲಿ ಎಷ್ಟು ಹೋಗಿದ್ದೀತು ಅಂತ ನನಗೆ ಅನ್ನಿಸುವುದುಂಟು. ಅನ್ನಿಸಿದರೂ ಕೊಳ್ಳುತ್ತೇನೆ.

ಸಂತೆಗೆ ನಿಜವಾದ ರಂಗು ಬರುವುದು ದುರ್ಗಾಪೂಜೆಗೆ ಎರಡು ತಿಂಗಳು ಮುಂಚೆ. ಬಂಗಾಳಿಗಳಿಗೆ ಪೂಜೆಗೆ ಹೊಸ ಬಟ್ಟೆ ಇರಲೇಬೇಕು. ತಮಗೆ ಮಾತ್ರವಲ್ಲ, ಅತ್ತೆ, ನಾದಿನಿ, ಮನೆಗೆಲಸದ ಮಾಶಿ, ಅವಳ ಮಕ್ಕಳು, ಎಲ್ಲರಿಗೂ. ಆ ಮಕ್ಕಳು ಪೆಂಡಾಲಿಗೆ ಹಾಕಿಕೊಂಡು ಹೋಗುವ ಫ್ರಾಕು, ಶರಟುಗಳಲ್ಲಿ ಬಹಳಷ್ಟನ್ನು ಹೊಲಿದವರು ಮಟಿಯಾಬುರುಜ್‌ನ ಮುಸ್ಲಿಂ ದರ್ಜಿಗಳು. ಇಲ್ಲಿ ಯಾರೂ ಇದನ್ನು ದೊಡ್ಡ ವಿಷಯವಾಗಿ ಹೇಳುವುದಿಲ್ಲ. ಪೂಜೆ ಸೀಸನ್, ಈದ್ ಸೀಸನ್, ಅಷ್ಟೇ.

2023ರ ಜುಲೈನಲ್ಲಿ, ಪೂಜೆಗೆ ಮಾಲು ಕೂಡಿಡುವ ಹೊತ್ತಿನಲ್ಲೇ, ಒಂದು ರಾತ್ರಿ ಇಲ್ಲಿ ಬೆಂಕಿ ಬಿದ್ದು ಸಾಲುಸಾಲು ಅಂಗಡಿಗಳು ಸುಟ್ಟುಹೋದವು. ಮುಖ್ಯಮಂತ್ರಿ ಬಂದು ನೋಡಿ ಸಿಐಡಿ ತನಿಖೆಗೆ ಹೇಳಿದರು. ವಿಚಿತ್ರ ಅಂದರೆ ಆ ಭಾಗಕ್ಕೆ ಮೊದಲೇ ಪೊಡಾ ಹಾಟ್, ಸುಟ್ಟ ಸಂತೆ, ಎಂದು ಹೆಸರಿತ್ತು. ಹಿಂದೆಯೂ ಒಮ್ಮೆ ಸುಟ್ಟಿತ್ತು.

ಇದೊಂದೇ ಸಂತೆ ಅಂದುಕೊಳ್ಳಬೇಡಿ. ಉತ್ತರ ಕೋಲ್ಕತ್ತಾದಲ್ಲಿ ಹರಿ ಶಾ ಹಾಟ್ ಇದೆ. ನದಿಯಾ ಜಿಲ್ಲೆಯ ಶಾಂತಿಪುರದಲ್ಲಿ ಕೈಮಗ್ಗದ ಸೀರೆಗಳ ಹಾಟ್ ಇದೆ, ಈಗ ಅಲ್ಲೂ ಸೂರತ್ತಿನ ಅಗ್ಗದ ಸೀರೆಗಳ ಪೈಪೋಟಿ. ಚೈತ್ರಮಾಸದಲ್ಲಿ ಕೋಲ್ಕತ್ತಾದ ಗರಿಯಾಹಾಟ್, ಹಾತಿಬಾಗಾನ್ ಫುಟ್‌ಪಾತಿನಲ್ಲಿ "ಸೇಲ್, ಸೇಲ್" ಎಂಬ ಕೂಗು ಕಿವಿ ಕೊರೆಯುತ್ತದೆ. ಅಲ್ಲಿ ಒಂದೊಂದೇ ಕೊಳ್ಳಬಹುದು.

ಊರಿನಿಂದ ಯಾರಾದರೂ ಬಂದರೆ ಹೌರಾ ಸಂತೆಗೆ ಕರೆದುಕೊಂಡು ಹೋಗುವುದು ಈಗ ಸಲೀಸು. ನದಿಯ ಕೆಳಗೆ ಹೋಗುವ ಮೆಟ್ರೊ 2024ರ ಮಾರ್ಚಿನಲ್ಲಿ ಶುರುವಾಯಿತು, ಎಸ್ಪ್ಲನೇಡಿನಲ್ಲಿ ಹತ್ತಿದರೆ ಕೊನೆಯ ಸ್ಟೇಷನ್ನೇ ಹೌರಾ ಮೈದಾನ. ಬಿಡಿ ಬೇಕಿದ್ದರೆ ಮಧ್ಯಾಹ್ನದ ಮೇಲೆ ಬನ್ನಿ, ಉಳಿದ ಮಾಲನ್ನು ಕೆಲವರು ಒಂದೊಂದಾಗಿ ಕೊಡುತ್ತಾರೆ. ಮಕ್ಕಳ ಬಟ್ಟೆಗೆ ವಯಸ್ಸು ಹೇಳಬೇಡಿ, ಅಳತೆಗೆ ಒಂದು ಹಳೆ ಅಂಗಿ ಜೊತೆಗಿರಲಿ. ಪೂಜೆಯ ಮುಂಚಿನ ವಾರಗಳಲ್ಲಿ ಮಾತ್ರ ಬೇಡ. ಆಗ ನಾನೇ ಆ ಕಡೆ ತಲೆ ಹಾಕುವುದಿಲ್ಲ, ಬೌದಿಯ ಕೈಲಿ ದುಡ್ಡು ಕೊಟ್ಟು ಕಳಿಸುತ್ತೇನೆ.