ವಂಶಾವಳಿಯಲ್ಲಿ ಎಲ್ಲದಕ್ಕೂ ಮೂಲ ಬರೆಯಬೇಕಾ?

"ಅಜ್ಜಿಯೇ ಹೇಳಿದ್ದು, ಅದಕ್ಕಿಂತ ದೊಡ್ಡ ದಾಖಲೆ ಬೇಕಾ?" ಕಾಸರಗೋಡಿನ ಕಡೆ ವಂಶಾವಳಿ ಬರೆಯಲು ಕೂತವರು ಹೆಚ್ಚಾಗಿ ಕೇಳುವುದು ಇದನ್ನೇ. ಅಜ್ಜಿಯ ಮಾತೂ ದಾಖಲೆಯೇ. ಆದರೆ ಯಾರಿಗೆ, ಯಾವ ದಿನ ಹೇಳಿದರು, ಕಣ್ಣಾರೆ ಕಂಡದ್ದೋ ಯಾರೋ ಹೇಳಿ ಕೇಳಿದ್ದೋ ಎಂಬುದನ್ನು ಅಂದೇ ಬರೆದಿಡಬೇಕು.

ಒಬ್ಬರ ಹೆಸರಿನ ಕೆಳಗೆ ಒಂದು ಮೂಲ ಹಾಕಿದರೆ ಸಾಲದು. ಪ್ರತಿಯೊಂದು ಸಂಗತಿಗೂ ಬೇರೆ ಬೇರೆ ಬೇಕು. ಹುಟ್ಟಿದ್ದು ಜಾತಕದಲ್ಲಿರುತ್ತದೆ, ಪಾಲು ಸಿಕ್ಕಿದ್ದು ವಿಭಾಗ ಪತ್ರದಲ್ಲಿ. ಶ್ರಾದ್ಧದಿಂದ ತೀರಿಕೊಂಡ ಮಾಸ, ಪಕ್ಷ, ತಿಥಿ ಸಿಗುತ್ತವೆ, ವರ್ಷ ಸಿಗುವುದಿಲ್ಲ. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಜಾತಕದಲ್ಲಿ ಬರೇ "ರಕ್ತಾಕ್ಷಿ" ಎಂದಿದ್ದರೆ 1924-25 ಇರಬಹುದು, 1864-65 ಕೂಡ ಇರಬಹುದು. ಕೊಲ್ಲವರ್ಷ (ಮಲಯಾಳ ಪಂಚಾಂಗದ ವರ್ಷ) ಆದರೆ ಇಸವಿ ಸಿಗಲು ಅದರ ಮೊದಲ ತಿಂಗಳಾದ ಚಿಂಗದಿಂದ (ಆಗಸ್ಟ್ ನಡುವಿನಿಂದ) ಡಿಸೆಂಬರ್ ತನಕ 824, ಆಮೇಲೆ 825 ಕೂಡಿಸಬೇಕು. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದು, ಇಸವಿಯನ್ನು "ನಮ್ಮ ಲೆಕ್ಕ" ಎಂದು ಪಕ್ಕದಲ್ಲಿ ಹಾಕಿ.

ರಿಜಿಸ್ಟರ್ ಆದ ದಸ್ತಾವೇಜಿಗೆ ಸಬ್ ರಿಜಿಸ್ಟ್ರಾರ್ ಕಚೇರಿ, ಪುಸ್ತಕ, ಸಂಪುಟ, ಪುಟ, ನಂಬ್ರ, ವರ್ಷ ಇಷ್ಟೂ ಬೇಕು. ನಂಬ್ರ ಪ್ರತಿ ವರ್ಷ ಹೊಸದಾಗಿ ಶುರುವಾಗುವುದರಿಂದ ವರ್ಷವಿಲ್ಲದ ನಂಬ್ರ ಹಿಡಿದು ಹೋದರೆ ಕೆಲಸವಾಗದು. ಸ್ಥಿರಾಸ್ತಿಯದ್ದು 1ನೇ ಪುಸ್ತಕದಲ್ಲಿ, ಮರಣಶಾಸನ 3ನೆಯದರಲ್ಲಿ. 1ರಲ್ಲಿ ಮಾತ್ರ ಹುಡುಕಿಸಿ "ಮರಣಶಾಸನವೇ ಇಲ್ಲ" ಎನ್ನಬೇಡಿ. ಅದನ್ನು ರಿಜಿಸ್ಟರ್ ಮಾಡಲೇಬೇಕೆಂಬ ಕಡ್ಡಾಯವೂ ಇಲ್ಲ. ಮನೆಯಲ್ಲಿರುವುದು ಅಸಲೋ ನಕಲೋ ಎಂಬುದನ್ನೂ ಸೇರಿಸಿ. ಕೈಬರಹದ ನಕಲಿನಲ್ಲಿ ಹೆಸರು ತಪ್ಪಿರುವ ಸಾಧ್ಯತೆ ಇದೆ.

ಜಿಲ್ಲೆಯ ಹೆಸರನ್ನು ತಿದ್ದಬೇಡಿ. 1956ರ ನವೆಂಬರ್ 1ಕ್ಕೆ ಮೊದಲಿನ ಕಾಗದ ದಕ್ಷಿಣ ಕನ್ನಡದ್ದು. 1957ರಿಂದ 1984ರ ಮೇ ತನಕ ನಾವಿದ್ದದ್ದು ಕಣ್ಣೂರು ಜಿಲ್ಲೆಯಲ್ಲಿ. ಕನ್ನಡ, ಇಂಗ್ಲಿಷ್, ಮಲಯಾಳ ಕಾಗದಗಳಲ್ಲಿ ಒಬ್ಬರದೇ ಹೆಸರು ಮೂರು ರೀತಿ ಕಂಡರೆ ಮೂರನ್ನೂ ಉಳಿಸಿಕೊಳ್ಳಿ.

ಅತಿ ಹೆಚ್ಚು ಎಡವುವುದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಕುಟುಂಬಗಳಲ್ಲಿ. ಯಜಮಾನನ ಹೆಸರಿನ ಕೆಳಗೆ ಗಂಡಸರ ಹೆಸರು ಕಂಡ ಕೂಡಲೇ ಅಪ್ಪ-ಮಗ ಎಂದು ಗೆರೆ ಎಳೆದುಬಿಡುತ್ತಾರೆ. ಅವರು ಮಾವ-ಅಳಿಯ ಆಗಿರುವುದೇ ಹೆಚ್ಚು, ಕವರು (ಕುಟುಂಬದ ಕವಲು) ಸಾಗುವುದು ಹೆಂಗಸರಿಂದ. ಪತ್ರದಲ್ಲಿ ಸಂಬಂಧ ಹೇಳದಿದ್ದರೆ "ಸಂಬಂಧ ನಮ್ಮ ಊಹೆ" ಎಂದೇ ಬರೆಯಿರಿ.

ಸಿಗದ್ದಕ್ಕೂ ಒಂದು ಸಾಲು ಬೇಕು: ಯಾವ ಕಚೇರಿ, ಯಾವ ವರ್ಷದಿಂದ ಯಾವ ವರ್ಷ, ಯಾರ ಹೆಸರಲ್ಲಿ ಹುಡುಕಿದ್ದು. ಗಂಡನ ಹೆಸರಲ್ಲಿ ಸಿಗದ ಜಾಗ ಹೆಂಡತಿಯ ತಾಯಿಯ ಹೆಸರಲ್ಲಿ ಇದ್ದರೂ ಇರಬಹುದು.