ಹಠ ಮಾಡುವ ಹುಡುಗ, ಸುಸ್ತಾದ ಮನೆ

ಮಕ್ಕಳ ಕೌನ್ಸೆಲಿಂಗ್‌ಗೆ ಬರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಮಗುವನ್ನು ನನ್ನ ಕೈಗೊಪ್ಪಿಸಿ ಹೊರಗೆ ಕೂರಲು ತಯಾರಾಗಿಯೇ ಬರುತ್ತಾರೆ. "ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತ. ನಿಮ್ಮ ಜೊತೆ ಮಾತಾಡಬೇಕು ಅಂದರೆ ಮುಖ ಸಪ್ಪಗಾಗುತ್ತದೆ.

ಆರು ವರ್ಷದ ಒಬ್ಬ ಹುಡುಗನ ಮನೆಯವರೂ ಹಾಗೇ ಬಂದಿದ್ದರು. ಅಮ್ಮ, ಅಪ್ಪ, ಅಜ್ಜಿ. ಕೇಳಿದ್ದು ಕೊಡದಿದ್ದರೆ ಉರುಳಾಡಿ ಅಳುತ್ತಾನೆ, ಸಿಕ್ಕಿದ್ದನ್ನು ಎಸೆಯುತ್ತಾನೆ, ಅಮ್ಮನಿಗೆ ಹೊಡೆಯುತ್ತಾನೆ. ಶಾಲೆಯಿಂದಲೂ ದೂರು. ಕಿವಿ ಸರಿಯಾಗಿ ಕೇಳಿಸುತ್ತಾ, ನಿದ್ದೆ ಹೇಗೆ, ಮಾತು ತಡವಾಯಿತಾ ಅಂತ ಮೊದಲು ವಿಚಾರಿಸಿದೆ. ಅಂಥದ್ದೇನೂ ಕಾಣಲಿಲ್ಲ.

"ನಿನ್ನೆ ಸಂಜೆಯದ್ದು ಮಾತ್ರ ಹೇಳಿ. ಮೊದಲು ಏನಾಯ್ತು, ಅವನೇನು ಮಾಡಿದ, ಆಮೇಲೆ ನೀವೇನು ಮಾಡಿದ್ರಿ?"

"ಮೊಬೈಲ್ ಇಸ್ಕೊಂಡೆ. ಕಿರುಚಿದ. ಬೈದೆ. ಇನ್ನೂ ಜಾಸ್ತಿ ಕಿರುಚಿದ. ಇವರು ಬಂದು ಒಂದೇಟು ಹಾಕಿದ್ರು. ಅತ್ತೆ ಅವನನ್ನ ಎತ್ಕೊಂಡು ಒಳಗೆ ಹೋದ್ರು..."

"ಹೋಗಿ?"

ಅಜ್ಜಿ ಮುಚ್ಚುಮರೆ ಮಾಡಲಿಲ್ಲ. "ಮೊಬೈಲ್ ಕೊಟ್ಟೆ. ಮಗು ಅಷ್ಟು ಅಳ್ತಿದ್ರೆ ನೋಡ್ಕೊಂಡು ಕೂರಕ್ಕಾಗತ್ತಾ?"

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್‌ಸನ್ ಇಂಥ ಜಗಳಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದಿದ್ದಾರೆ. ಕಿರುಚಿದರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಕೊಟ್ಟರೆ ಮನೆ ತಣ್ಣಗಾಗುತ್ತದೆ ಅಂತ ದೊಡ್ಡವರು ಕಲಿಯುತ್ತಾರೆ. ಇಬ್ಬರಿಗೂ ಆ ಕ್ಷಣಕ್ಕೆ ಲಾಭವೇ, ಹಾಗಾಗಿ ಅದು ನಿಲ್ಲುವುದಿಲ್ಲ. ಇದನ್ನು ಹೇಳಿದಾಗ ಅಮ್ಮ ಅತ್ತರು. ಅಲ್ಲಿತನಕ ಎಲ್ಲರೂ ಅವರನ್ನೇ ಅಂದಿದ್ದರಂತೆ.

ಆಮೇಲೆ ಅಪ್ಪನನ್ನು ಮಗನ ಜೊತೆ ಐದು ನಿಮಿಷ ಆಟಕ್ಕೆ ಕೂರಿಸಿದೆ. ಅಪ್ಪಣೆ ಬೇಡ, ಪ್ರಶ್ನೆ ಬೇಡ, ತಪ್ಪು ಹುಡುಕುವುದು ಬೇಡ. ಅವನು ಮಾಡುತ್ತಿರುವುದನ್ನು ಬಾಯಲ್ಲಿ ಹೇಳಿ, ಚೆನ್ನಾಗಿ ಮಾಡಿದ್ದನ್ನು ಹೆಸರಿಟ್ಟು ಮೆಚ್ಚಬೇಕು, ಅಷ್ಟೇ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ, ಪೋಷಕರು ಮತ್ತು ಮಗುವನ್ನು ಒಟ್ಟಿಗೆ ಕೂರಿಸಿ ಮಾಡುವ ಚಿಕಿತ್ಸೆಯ ಮೊದಲ ಭಾಗ ಇದು. ಅಲ್ಲಿ ಥೆರಪಿಸ್ಟ್ ಗಾಜಿನಾಚೆ ಕೂತು ಪೋಷಕರ ಕಿವಿಯಲ್ಲಿನ ಇಯರ್‌ಫೋನಿಗೆ ಮಾತಾಡುತ್ತಾರೆ. ನನ್ನ ಹತ್ತಿರ ಗಾಜು ಗೀಜು ಇಲ್ಲ, ಬೆನ್ನ ಹಿಂದೆ ಕೂತು ಪಿಸುಗುಟ್ಟುತ್ತೇನೆ.

"ಇದೇನು ಕಟ್ತಿದೀಯಾ? ಇದ್ಯಾವ ಬಣ್ಣ? ಅಲ್ಲಿಡಬೇಡ, ಬೀಳತ್ತೆ." ಬಿತ್ತು. ಹುಡುಗ ಥಟ್ಟನೆ ಅಪ್ಪನ ಕೈ ನೋಡಿದ, ಮುಖವನ್ನಲ್ಲ. "ಸುಮ್ನೆ ನೋಡಿದ್ದನ್ನ ಹೇಳಿ ಸರ್" ಅಂದೆ. ಅವರು ಕ್ರಿಕೆಟ್ ಕಾಮೆಂಟರಿ ಓದುವವರ ಹಾಗೆ, ನಾಚಿಕೊಂಡೇ, "ಕೆಂಪು ಇಟ್ಟಿಗೆ ಮೇಲೆ ನೀಲಿ ಇಡ್ತಿದೀಯ. ಬಿದ್ರೂ ಮತ್ತೆ ಕಟ್ತಿದೀಯಲ್ಲ, ಭೇಷ್" ಅಂದರು. ಸ್ವಲ್ಪ ಹೊತ್ತಿಗೆ ಒಂದು ಇಟ್ಟಿಗೆ ಅಪ್ಪನ ಕಡೆ ಜಾರಿ ಬಂತು. "ಇದನ್ನ ನೀನಿಡು."

ಹೊರಡುವ ಮುಂಚೆ ಒಂದು ಎಚ್ಚರಿಕೆ ಕೊಟ್ಟೆ. ಅಳುವಿಗೆ ಸೋಲುವುದನ್ನು ನಿಲ್ಲಿಸಿದರೆ ಅಳು ಮೊದಲು ಹೆಚ್ಚಾಗಬಹುದು. ಅರ್ಧ ಗಂಟೆ ತಡೆದು ಆಮೇಲೆ ಕೊಟ್ಟರೆ, ಅರ್ಧ ಗಂಟೆ ಅಳಬೇಕು ಅಂತ ಕಲಿಸಿದ ಹಾಗೆ. ಕೈ ಎತ್ತಿದರೆ ಮಾತ್ರ ಸುಮ್ಮನಿರಬಾರದು. ಕೈ ಹಿಡಿದು, "ಹೊಡೆಯೋ ಹಾಗಿಲ್ಲ" ಅಂದು ಅಲ್ಲಿಗೇ ನಿಲ್ಲಿಸಬೇಕು, ಭಾಷಣ ಬೇಡ. ನೀವೂ ಹೊಡೆಯಬಾರದು.

ವಾರದೊಳಗೆ ಅಮ್ಮನ ಫೋನ್. "ಮೇಡಂ, ಮುಂಚೆಗಿಂತ ಜಾಸ್ತಿ ಆಗಿದೆ."

"ಅಜ್ಜಿ ಏನು ಮಾಡಿದ್ರು?"

"ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಅವನ ಅಳು ಕೇಳಿದ್ರೆ ಕೊಟ್ಬಿಡ್ತೀನಿ ಅಂತ."

ನನಗೆ ಖುಷಿಯಾಯಿತು. ಮೂವರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅವರದ್ದೇ ಅಲ್ವಾ?

ಮುಂದಿನ ಭೇಟಿಯ ಹೊತ್ತಿಗೆ ರಂಪ ನಿಂತಿರಲಿಲ್ಲ, ಆದರೆ ಬೇಗ ಮುಗಿಯುತ್ತಿತ್ತು. ಶಾಲೆಯ ದೂರು ಹಾಗೇ ಇತ್ತು. ಮೊದಲು, ಆಗ, ಆಮೇಲೆ ಅಂತ ಮೂರು ಸಾಲು ಬರೆದಿಡಲು ಟೀಚರನ್ನು ಕೇಳಿಕೊಂಡೆವು. ಅವರ ಹಾಳೆ ಬಂತು. ಗಲಾಟೆಯೆಲ್ಲ ಕ್ಯೂನಲ್ಲಿ ಕಾಯುವಾಗಲೇ. ಈಗ ಆ ಕಾಯುವುದನ್ನೇ ಮನೆಯ ಆಟದಲ್ಲಿ ಅಭ್ಯಾಸ ಮಾಡಿಸುತ್ತಿದ್ದೇವೆ.