ಚೌಕ ಕಿವಿಯ ಆನೆ

ಇವತ್ತು ಚನ್ನಪಟ್ಟಣದಲ್ಲಿ, ಮರದ ಗೊಂಬೆಗೆಂದು ನಾನು ಲ್ಯಾಪ್‌ಟಾಪಿನಲ್ಲಿ ಬರೆದ ಆನೆ ಸೋತಿತು.

ಚೌಕ ಕಿವಿ, ಚೂಪು ಮೂಲೆ. ಸ್ಕ್ರೀನ್ ಮೇಲೆ ಚೆಂದವೇ ಇತ್ತು. ಪ್ರಿಂಟ್ ನೋಡಿ ಗೊಂಬೆ ಮಾಡುವ ಅಜ್ಜ ನಕ್ಕರು. "ಮರ ತಿರುಗ್ತಾನೇ ಇರುತ್ತೆ ಕಣಮ್ಮಾ, ಮೂಲೆ ಎಲ್ಲಿಂದ ತರ್ಲಿ?"

ಹಾಲೆ ಮರದ ತುಂಡನ್ನು ಲೇತಿಗೆ, ಅಂದರೆ ಮರ ತಿರುಗಿಸುವ ಯಂತ್ರಕ್ಕೆ, ಸಿಕ್ಕಿಸಿ ಉಳಿ ಕೊಟ್ಟರು. ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ಆಮೇಲೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಬೆಂಕಿ ಇಲ್ಲ, ಏನಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು!

ಈ ಗೊಂಬೆಗಳು ದುಂಡಗಿರೋದು ಮಕ್ಕಳಿಗೆ ಚುಚ್ಚಬಾರದು ಅಂತ ಅಂದುಕೊಂಡಿದ್ದೆ, ಸುಮ್ನೆ. ಅರ್ಧ ಡಿಸೈನ್ ಲೇತೇ ಮಾಡಿಬಿಟ್ಟಿದೆ, ಅಲ್ವಾ?

ಈಗ ಬಸ್ಸಿನಲ್ಲಿದ್ದೇನೆ. ಟಿಕೆಟ್ ಹಿಂದೆ ಬಿಲ್ಲೆ ಕಿವಿಯ ಆನೆ ಬರೆದೆ. ಸೊಂಡಿಲು ಮಾತ್ರ ಇನ್ನೂ ತಿಳಿಯುತ್ತಿಲ್ಲ.